ಜಾರ್ಜ್‌ಟೌನಿನ ಗಡಿಯಾರ ಗೋಪುರ: ನಮ್ಮ ಅಡಿಬರಹದ ತಪ್ಪು

ಮಾನ್ಯರೆ,

ಕಳೆದ ಸಂಚಿಕೆಯಲ್ಲಿ ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ಪಟ್ಟಣದ ಗಡಿಯಾರ ಗೋಪುರದ ಚಿತ್ರಕ್ಕೆ ನಾವು ಕೊಟ್ಟಿದ್ದ ‘ವಿಕ್ಟೋರಿಯಾ ರಾಣಿಯ ನಿಧನಾನಂತರ ಸರ್ಕಾರ ಕಟ್ಟಿಸಿದ ಸ್ಮಾರಕ’ ಎಂಬ ಅಡಿಬರಹವನ್ನು ಆಕ್ಷೇಪಿಸಿ ತಾವು ಬರೆದ ಪತ್ರ ತಲುಪಿತು. ಪಟ್ಟಾಭಿಷೇಕದ ಉತ್ಸವಕ್ಕೆಂದು ಎದ್ದ ಕಟ್ಟಡವನ್ನು ಸಮಾಧಿಯ ಸಾಲಿಗೆ ಸೇರಿಸಿದ್ದೀರಿ ಎಂದು ತಾವು ಹೇಳಿದ್ದೀರಿ. ಉತ್ಸವ ಪಟ್ಟಾಭಿಷೇಕದ್ದಲ್ಲ, ಆಳ್ವಿಕೆಯ ಅರವತ್ತು ವರ್ಷಗಳದ್ದು. ಆ ಒಂದು ಮಾತನ್ನು ಬಿಟ್ಟರೆ ತಮ್ಮ ಆಕ್ಷೇಪ ಸರಿಯಾಗಿಯೇ ಇದೆ.

ವಿಕ್ಟೋರಿಯಾ ಸಿಂಹಾಸನವೇರಿದ್ದು 1837ರ ಜೂನ್ 20ರಂದು. 1897ರಲ್ಲಿ ವಜ್ರ ಮಹೋತ್ಸವ ಬಂದಾಗ ಗೋಪುರ ಕಟ್ಟಿಸಲು ಮುಂದಾದವರು ಪೆನಾಂಗಿನ ಸಿರಿವಂತ ಚೀನೀ ವರ್ತಕ ಚಿಯಾ ಚೆನ್ ಇಯೋಕ್. 35,000 ಡಾಲರುಗಳ ವೆಚ್ಚ ಅವರದೇ. ಆದ್ದರಿಂದ ನಮ್ಮ ಅಡಿಬರಹದಲ್ಲಿದ್ದ ‘ಸರ್ಕಾರ’ ಎಂಬುದು ಶುದ್ಧ ತಪ್ಪು. ಕೆಲಸ ಮುಗಿದದ್ದು 1902ರಲ್ಲಿ, ಆ ಹೊತ್ತಿಗೆ ರಾಣಿ ತೀರಿಕೊಂಡು ವರ್ಷ ದಾಟಿತ್ತು (1901ರ ಜನವರಿ 22). ನಾವು ಮುಗಿದ ವರ್ಷವನ್ನು ನೋಡಿ ಉದ್ದೇಶವನ್ನು ಊಹಿಸಿದೆವು. ಅಳತೆಯನ್ನು ನೋಡಿದ್ದರೆ ಎಡವುತ್ತಿರಲಿಲ್ಲ: ಗೋಪುರದ ಎತ್ತರ 60 ಅಡಿ, ಆಳ್ವಿಕೆಯ ವರ್ಷಕ್ಕೊಂದು ಅಡಿ. ಆಕೆ ಒಟ್ಟು ಆಳಿದ್ದು 63 ವರ್ಷಕ್ಕೂ ಮೇಲೆ. ಸತ್ತ ಮೇಲೆ ಲೆಕ್ಕ ಹಾಕಿ ಕಟ್ಟಿದ್ದರೆ ಇನ್ನೂ ಮೂರು ಅಡಿ ಏರಬೇಕಿತ್ತು. ಎಂಟು ಮೂಲೆಯ ಪೀಠ, ಮೆಟ್ಟಿಲು, ಕಮಾನು ಕಿಟಕಿಗಳ ಅಂತಸ್ತುಗಳು, ತುದಿಯಲ್ಲಿ ಹೊನ್ನಿನ ಬಣ್ಣದ ಗುಮ್ಮಟ, ಇವುಗಳಲ್ಲಿ ಶೋಕದ ಲಕ್ಷಣವೂ ಇಲ್ಲವೆನ್ನಿ.

ಶ್ರೀರಂಗಪಟ್ಟಣದ ಪಕ್ಕದವರಾದ ತಮಗೆ ಇನ್ನೊಂದು ಸಂಗತಿ ರುಚಿಸಬಹುದು. ಗೋಪುರದ ಹತ್ತಿರದಲ್ಲೇ ಇರುವ ಕೋಟೆಯ ಹೆಸರು ಫೋರ್ಟ್ ಕಾರ್ನ್‌ವಾಲಿಸ್. 1792ರಲ್ಲಿ ನಮ್ಮ ಕಾವೇರಿ ದ್ವೀಪಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದ, ಕಲ್ಕತ್ತೆಯಿಂದ ಆಳುತ್ತಿದ್ದ ಗವರ್ನರ್ ಜನರಲ್ ಕಾರ್ನ್‌ವಾಲಿಸನೇ ಈತ. ಪೆನಾಂಗ್ 1867ರವರೆಗೆ ಆಡಳಿತದಲ್ಲಿ ಕಲ್ಕತ್ತೆಯ ಕೈಕೆಳಗೇ ಇದ್ದುದರಿಂದ ಈ ಹೆಸರಿನಲ್ಲಿ ಆಶ್ಚರ್ಯವೇನೂ ಇಲ್ಲ.

ಮೈಸೂರಿನ ದೊಡ್ಡ ಗಡಿಯಾರವೂ ಇಂಥದ್ದೇ ಅಲ್ಲವೆ ಎಂದು ಕೇಳಿದ್ದೀರಿ. ಬಗೆ ಒಂದೇ, ಎಣಿಕೆ ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗಲೇ, 1895ರಲ್ಲಿ, ಪಟ್ಟಕ್ಕೆ ಬಂದರೂ ಆಡಳಿತದ ಪೂರ್ಣಾಧಿಕಾರ ಅವರ ಕೈಗೆ ಬಂದದ್ದು 1902ರ ಆಗಸ್ಟ್ 8ರಂದು. ರಜತ ಮಹೋತ್ಸವವನ್ನು ಆ ದಿನದಿಂದ ಎಣಿಸಿ 1927ರಲ್ಲಿ ಆಚರಿಸಿದರು, ಅರಮನೆಯ ನೌಕರರು ಅದರ ನೆನಪಿಗೆ ಗಡಿಯಾರ ಗೋಪುರ ಕಟ್ಟಿಸಿದರು. ಅಲ್ಲಿಯೂ ಖರ್ಚು ಹೊತ್ತವರು ಪ್ರಜೆಗಳೇ, ಆದರೆ ಅರಸರ ಮನೆಯ ಉಪ್ಪು ತಿಂದವರು. ಚಿಯಾ ಚೆನ್ ಇಯೋಕ್‌ಗೆ ರಾಣಿಯೊಂದಿಗೆ ಅಂಥ ನಂಟಿರಲಿಲ್ಲ. ವಸಾಹತಿನ ವರ್ತಕನೊಬ್ಬ ತನ್ನ ಊರಿನ ನಡುವೆ ದೊರೆಗೆ ನಿಷ್ಠೆ ತೋರಿಸುತ್ತಲೇ ತನ್ನ ಸ್ಥಾನವನ್ನೂ ತೋರಿಸಿಕೊಂಡ ಎಂಬುದು ನನ್ನ ಎಣಿಕೆ. ತಾವು ಒಪ್ಪದೆ ಇರಬಹುದು.

ಉಳಿದದ್ದು, ಛಾಯಾಗ್ರಾಹಕರು ಕ್ಯಾಮೆರಾವನ್ನು ಓರೆಯಾಗಿ ಹಿಡಿದಿದ್ದಾರೆ ಎಂಬ ತಮ್ಮ ದೂರು. ಗೋಪುರವೇ ಓರೆಯಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಹತ್ತಿರ ಬಿದ್ದ ಬಾಂಬುಗಳ ಹೊಡೆತಕ್ಕೆ ಅದು ಸ್ವಲ್ಪ ವಾಲಿತೆಂದು ಅಲ್ಲಿನವರು ಹೇಳುತ್ತಾರೆ. ಪುಟ ಜೋಡಿಸುವಾಗ ನಮ್ಮ ವಿನ್ಯಾಸಕಾರರಿಗೂ ತಮ್ಮಂತೆಯೇ ಅನ್ನಿಸಿ, ಚಿತ್ರವನ್ನು ಕೊಂಚ ತಿರುಗಿಸಿ ಗೋಪುರವನ್ನು ನೆಟ್ಟಗೆ ನಿಲ್ಲಿಸಿದ್ದರು. ಆಗ ಹಿಂದಿನ ದೀಪದ ಕಂಬಗಳೆಲ್ಲ ಒಟ್ಟಾಗಿ ಇನ್ನೊಂದು ಕಡೆಗೆ ವಾಲಿದವು. ಮತ್ತೆ ಮೊದಲಿದ್ದಂತೆಯೇ ಇಟ್ಟು ಅಚ್ಚಿಗೆ ಕಳಿಸಿದೆವು. ತಿದ್ದಿದ ಅಡಿಬರಹ ಈ ಸಂಚಿಕೆಯ ಒಳಪುಟದಲ್ಲಿದೆ.

– ಸಂಪಾದಕ