ಹೊಗೆಸೊಪ್ಪಿಲ್ಲದ ಎಲೆ ಅಡಿಕೆ ನಿರಪಾಯಕಾರಿಯೇ?

ಪ್ರಶ್ನೆ: ನಾವು ಕಾಫಿ ತೋಟದವರು. ನಮ್ಮ ಅತ್ತೆಯವರು ದಿನವಿಡೀ ಎಲೆ ಅಡಿಕೆ ಜಗಿಯುತ್ತಾರೆ; ಹೊಗೆಸೊಪ್ಪು ಹಾಕಿಕೊಳ್ಳದ ಕಾರಣ ಏನೂ ಆಗದು ಎನ್ನುತ್ತಾರೆ. ಈಚೆಗೆ ಖಾರ ತಿಂದರೆ ಅವರ ಬಾಯಿ ಉರಿಯುತ್ತದೆ, ಆದರೆ ನೋವಿಲ್ಲವೆಂದು ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ನನಗೆ 38 ವರ್ಷ, ಯಾವ ತೊಂದರೆಯೂ ಇಲ್ಲ. ನಾನೂ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಬೇಕೇ? ಕಾಫಿಯಿಂದಲೂ ಅಪಾಯವಿದೆಯೇ?
— ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚುತ್ತದೆಂಬುದು ನಿಜ; ಆದರೆ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ವರ್ಗೀಕರಿಸಿದೆ. ಶುಭಕಾರ್ಯದಲ್ಲಿ ಹಿರಿಯರ ಕೈಗೆ ತಾಂಬೂಲ ಕೊಡುವ ಸಂಪ್ರದಾಯಕ್ಕೆ ನನ್ನ ಆಕ್ಷೇಪಣೆಯಿಲ್ಲ, ಹಗಲಿಡೀ ದವಡೆಯಲ್ಲಿ ಅಡಿಕೆಯನ್ನು ಒತ್ತಿಟ್ಟುಕೊಳ್ಳುವ ಅಭ್ಯಾಸಕ್ಕಿದೆ. ಅಡಿಕೆ ಜಗಿಯುವವರಲ್ಲಿ ಖಾರಕ್ಕೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುವುದು, ಬರಬರುತ್ತಾ ಬಾಯಿ ಪೂರ್ತಿ ತೆರೆಯಲಾಗದಿರುವುದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಒಂದು ಸ್ಥಿತಿಯ ಲಕ್ಷಣಗಳು. ನೋವು ಬರುವುದು ಬಹಳ ತಡವಾಗಿ. ಆದ್ದರಿಂದ ನೋವಿಲ್ಲವೆಂಬುದು ಕಾಯಲು ಕಾರಣವಾಗಬಾರದು. ಅತ್ತೆಯವರಿಗೆ ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಜೋಡಿಸಿ ಬಾಯೊಳಗೆ ಇಡಲು ಹೇಳಿ ನೋಡಿ. ಅದು ಸಾಧ್ಯವಾಗದಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಕಲೆ ಕಂಡರೆ ಹೆಚ್ಚು ದಿನ ತಳ್ಳಬೇಡಿ. ಇವು ಯಾವುವೂ ಇಲ್ಲದಿದ್ದರೂ ಉರಿಯೊಂದೇ ಕಾರಣಕ್ಕೆ ಬಾಯಿಯ ಪರೀಕ್ಷೆ ಆಗಬೇಕು. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನಲ್ಲಿ ಅಥವಾ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಬಹುದು.

ಕಾಫಿಯ ಬಗ್ಗೆ ನೆಮ್ಮದಿಯಾಗಿರಿ. ಅದೇ ಸಂಸ್ಥೆ 2016ರಲ್ಲಿ ಎತ್ತಿದ ಆತಂಕ ಕಾಫಿಯದಲ್ಲ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯದ್ದು. ಕುದಿಯುವುದನ್ನು ತುಸು ಆರಿಸಿ ಕುಡಿದರಾಯಿತು. ಕಾಫಿಗಿಂತ ನಮ್ಮ ಔತಣಗಳ ಮದ್ಯದ ಬಗ್ಗೆ ಯೋಚಿಸುವುದು ಮೇಲು, ಏಕೆಂದರೆ ಹೊಗೆಸೊಪ್ಪಿನ ಜೊತೆಗೂಡಿದಾಗ ಅದು ಬಾಯಿ, ಗಂಟಲಿನ ಕ್ಯಾನ್ಸರ್ ಸಾಧ್ಯತೆಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ತೊಂದರೆಯಿಲ್ಲದಿದ್ದರೂ ತಪಾಸಣೆ ಮಾಡಿಸಿಕೊಳ್ಳಿ. ತಪಾಸಣೆ ಇರುವುದೇ ಅಂಥವರಿಗೆ. ಸರ್ಕಾರದ ಕಾರ್ಯಕ್ರಮದಂತೆ 30 ದಾಟಿದವರಿಗೆ ಬಾಯಿಯ, ಮಹಿಳೆಯರಿಗೆ ಇದರೊಂದಿಗೆ ಸ್ತನ ಮತ್ತು ಗರ್ಭಕಂಠದ ಪರೀಕ್ಷೆ ಐದು ವರ್ಷಕ್ಕೊಮ್ಮೆ ನಡೆಯಬೇಕು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ವೈರಸ್ ಆದ್ದರಿಂದ, ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಲಸಿಕೆಯ ಬಗ್ಗೆಯೂ ವಿಚಾರಿಸಿ.

ಅತ್ತೆಯವರಿಗೆ ವೈದ್ಯರು ಬಯಾಪ್ಸಿ (ಕಲೆಯಿಂದ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಸೂಚಿಸಿದರೆ, ಚೂರು ಕತ್ತರಿಸಿದರೆ ರೋಗ ಹರಡುತ್ತದೆಂಬ ಮಾತು ಯಾರಿಂದಲಾದರೂ ಬಂದೇ ಬರುತ್ತದೆ. ಅದಕ್ಕೆ ಕಿವಿಗೊಡಬೇಡಿ, ಬಾಯಿಯ ಕಲೆ ಕ್ಯಾನ್ಸರೋ ಅಲ್ಲವೋ ಎಂಬುದನ್ನು ಖಚಿತಪಡಿಸಲು ಆ ಪರೀಕ್ಷೆಯೇ ಆಗಬೇಕು.