ಹೋಗುವಾಗ ಎರಡೂವರೆ ಗಂಟೆ, ಬರುವಾಗ ಐದು ಗಂಟೆ?

ಪ್ರಶ್ನೆ: ಕಣ್ಣೂರು–ಅಬುಧಾಬಿ ಟಿಕೆಟ್‌ನಲ್ಲಿ ಬೆಳಿಗ್ಗೆ 9.00ಕ್ಕೆ ಹೊರಟು 11.25ಕ್ಕೆ ಇಳಿಯುತ್ತದೆ ಎಂದಿದೆ. ವಾಪಸ್ ಬರುವಾಗ 12.30ಕ್ಕೆ ಹೊರಟರೆ ಸಂಜೆ 5.35 ಆಗುತ್ತದಂತೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಯಾಕೆ? ದೂರವೂ ಒಂದು ಕಡೆ 1,400, ಇನ್ನೊಂದು ಕಡೆ 2,600 ಎಂದಿದೆ.
– ಓದುಗರು, ವಿರಾಜಪೇಟೆ

ಉತ್ತರ: ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಇರುತ್ತದೆ. ಅಬುಧಾಬಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಹೋಗುವಾಗಿನ 2 ಗಂಟೆ 25 ನಿಮಿಷಕ್ಕೆ ಒಂದೂವರೆ ಗಂಟೆ ಕೂಡಿಸಿ: 3 ಗಂಟೆ 55 ನಿಮಿಷ. ಬರುವಾಗಿನ 5 ಗಂಟೆ 5 ನಿಮಿಷದಿಂದ ಅಷ್ಟನ್ನೇ ಕಳೆಯಿರಿ: 3 ಗಂಟೆ 35 ನಿಮಿಷ.

ಉಳಿದ 20 ನಿಮಿಷ ಗಾಳಿಯದು. ವಿಮಾನ ಹಾರುವ 10–12 ಕಿ.ಮೀ. ಎತ್ತರದಲ್ಲಿ, ಮುಖ್ಯವಾಗಿ ಚಳಿಗಾಲದಲ್ಲಿ, ಅರಬ್ಬಿ ಸಮುದ್ರದ ಉತ್ತರ ಭಾಗದ ಮೇಲೆ ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಮಳೆಗಾಲದಲ್ಲಿ ದಕ್ಷಿಣದ ಮೇಲ್ಗಾಳಿ ಪೂರ್ವದಿಂದ ಬೀಸುವುದರಿಂದ ಈ ವ್ಯತ್ಯಾಸ ಕುಗ್ಗುತ್ತದೆ.

ದೂರದ ಎರಡು ಲೆಕ್ಕವೂ ಸರಿಯೇ. 1,400 ಎಂದಿರುವುದು ನಾಟಿಕಲ್ ಮೈಲಿ, 1.852ರಿಂದ ಗುಣಿಸಿದರೆ ಸುಮಾರು 2,600 ಕಿ.ಮೀ. ಇದು ಭೂಗೋಳದ ಮೇಲೆ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ. ವಿಮಾನ ನಿಗದಿತ ವಾಯುಮಾರ್ಗ ಹಿಡಿದು ಹೋಗುವುದರಿಂದ ನಿಜವಾಗಿ ಹಾರುವುದು ಇದಕ್ಕಿಂತ ತುಸು ಹೆಚ್ಚೇ.

ಪ್ರಶ್ನೆ: ವಿಮಾನದ ವೇಗ ಗಂಟೆಗೆ 830 ಕಿ.ಮೀ. ಅಂತಾರೆ. ಭಾಗಿಸಿದರೆ ಟಿಕೆಟ್‌ನ ಸಮಯ ಬರುವುದೇ ಇಲ್ಲವಲ್ಲ?
– ಓದುಗರು, ಸೋಮವಾರಪೇಟೆ

ಉತ್ತರ: ಆ ವೇಗ ಮೇಲೆ ಏರಿ ನೆಟ್ಟಗೆ ಹಾರುವಾಗಿನದು ಮಾತ್ರ. ಟಿಕೆಟ್‌ನ ಸಮಯ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಇಳಿದು ಮತ್ತೆ ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಅದರೊಳಗೇ. ಅಂದಾಜಿಗೆ ಕಿಲೋಮೀಟರನ್ನು 800ರಿಂದ ಭಾಗಿಸಿ 35 ನಿಮಿಷ ಕೂಡಿಸಿ. ಬೆಂಗಳೂರು–ದೆಹಲಿ ಸುಮಾರು 1,710 ಕಿ.ಮೀ.; ಲೆಕ್ಕ 2 ಗಂಟೆ 43 ನಿಮಿಷ ಕೊಡುತ್ತದೆ, ವೇಳಾಪಟ್ಟಿಗೆ ಹತ್ತಿರ. ಮೈಸೂರಿಗೆ ಮಾತ್ರ ಈ ಸೂತ್ರ ಹಚ್ಚಬೇಡಿ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಅಷ್ಟೇ, ಅಲ್ಲಿಗೆ ಬರುವುದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ. ಅದಕ್ಕೆ 500ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ಮೈಸೂರು–ಚೆನ್ನೈ ಸುಮಾರು 390 ಕಿ.ಮೀ.; ಒಂದೂಕಾಲು ಗಂಟೆ ದಾಟುತ್ತದೆ.

ಪ್ರಶ್ನೆ: ಕಣ್ಣೂರಿನ 9 ಗಂಟೆಯ ವಿಮಾನಕ್ಕೆ ವಿರಾಜಪೇಟೆ ಎಷ್ಟು ಹೊತ್ತಿಗೆ ಬಿಡಬೇಕು?
– ಓದುಗರು, ಅಮ್ಮತ್ತಿ

ಉತ್ತರ: ನಿಲ್ದಾಣ ಇರುವುದು ಕಣ್ಣೂರು ಪಟ್ಟಣದಲ್ಲಲ್ಲ, ಇತ್ತ ಮಟ್ಟನ್ನೂರಿನಲ್ಲಿ. ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಮೇಲೆ ಸುಮಾರು 60 ಕಿ.ಮೀ. ದೂರ ಕಮ್ಮಿಯಾದರೂ ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಓಡಿಸಲಾಗದು. ಎರಡು ಗಂಟೆ ಇಟ್ಟುಕೊಳ್ಳಿ. ವಿದೇಶಿ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು, ಚೆಕ್–ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ 4ಕ್ಕೆ ಮನೆ ಬಿಡಿ. ಜೂನ್‌ನಿಂದ ಆಗಸ್ಟ್‌ವರೆಗೆ 3ಕ್ಕೇ ಹೊರಡುವುದು ಲೇಸು: ಮರ ಬೀಳುತ್ತದೆ, ಬರೆ ಕುಸಿಯುತ್ತದೆ. 2018ರ ಮಳೆಯಲ್ಲಿ ಈ ರಸ್ತೆ ಮುಚ್ಚಿಯೇ ಹೋಗಿತ್ತು. ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಮೇಲೆ ಬಳಸಿ ಹೋಗಬಹುದು. ಆದರೆ ಅದು ಬಹಳ ಸುತ್ತು, ಇಳಿಯಲು ಅಲ್ಲೂ ಘಾಟಿಯೇ. ಜೋರು ಮಳೆಯಿದ್ದರೆ ಹಿಂದಿನ ದಿನ ಹಗಲಿನಲ್ಲೇ ಘಾಟಿ ಇಳಿದು ಮಟ್ಟನ್ನೂರಿನಲ್ಲಿ ಉಳಿದುಕೊಳ್ಳಿ.