‘ನಮಗೇನ ಆಗತೈತಿ?’ ಎನ್ನುವ ಹಿರಿಯರಿಗೆ ಬ್ಯಾಸಗಿ ತಿಳಿಸುವುದು ಹೇಗೆ?

ಪ್ರಶ್ನೆ: ಅಪ್ಪನಿಗೆ 74. ಬಿಪಿ ಗುಳಿಗೆಯ ಜೊತೆ ನೀರಿನ ಗುಳಿಗೆಯೂ (ಮೂತ್ರ ಹೆಚ್ಚಿಸುವ ಗುಳಿಗೆ) ಇದೆ. ಏಪ್ರಿಲ್ ಬಿಸಿಲಲ್ಲಿ ನಡುಮಧ್ಯಾಹ್ನ ಹೊಲಕ್ಕೆ ಹೊರಡುತ್ತಾರೆ. ನೀರು ಕೊಟ್ಟರೆ ‘ನೀರಡಿಕಿ ಆಗಿಲ್ಲ’. ಬೇಡ ಎಂದರೆ ‘ಬಿಸಿಲಾಗ ಬೆಳದ ಮೈ ಇದು, ವಯಸ್ಸಾದವ್ರಿಗೆ ಹೇಳ ಹೋಗು’ ಎನ್ನುತ್ತಾರೆ.
– ಓದುಗರು, ಬೆಟಗೇರಿ

ಉತ್ತರ: ನಿಮ್ಮ ತಂದೆಯವರ ಮಾತು ಅರ್ಧ ನಿಜ. ದಿನವೂ ಬಿಸಿಲಲ್ಲಿ ದುಡಿದರೆ ಒಂದೆರಡು ವಾರದಲ್ಲಿ ಮೈ ಒಗ್ಗುತ್ತದೆ. ಆದರೆ ಕೆಲವು ವಾರ ಮನೆಯಲ್ಲಿ ಕೂತರೆ ಆ ಒಗ್ಗಿಕೆ ಹೋಗಿಬಿಡುತ್ತದೆ, ಹರೆಯದಲ್ಲಿ ಬಿಸಿಲುಂಡದ್ದು ಈ ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಈ ವಯಸ್ಸಿಗೆ ಬೆವರು ಕಡಿಮೆ, ಚರ್ಮದ ಕಡೆಗೆ ರಕ್ತ ಹರಿಸುವ ಹೃದಯದ ತಾಕತ್ತೂ ಕಡಿಮೆ. ನೀರಡಿಕೆ ಗೊತ್ತಾಗುವುದೇ ತಡವಾಗಿ. ಅವರು ಸುಳ್ಳು ಹೇಳುತ್ತಿಲ್ಲ. ಮೈ ಬತ್ತಿದರೂ ಬಾಯಿಗೆ ತಿಳಿಯುತ್ತಿಲ್ಲ.

‘ನಿಮಗೆ ವಯಸ್ಸಾಯಿತು’ ಎಂದು ವಾದಕ್ಕೆ ನಿಲ್ಲಬೇಡಿ. 80 ದಾಟಿದವರೂ ‘ವಯಸ್ಸಾದವರು’ ಎಂದರೆ ಬೇರೆ ಯಾರೋ ಎಂದುಕೊಳ್ಳುತ್ತಾರೆ. ಮಾತನ್ನು ನೀರಿನ ಗುಳಿಗೆಯ ಮೇಲೆ ಹಾಕಿ: ‘ಈ ಗುಳಿಗಿ ಮೂತ್ರದಾಗ ನೀರು ತಗೀತೈತಿ, ಬಿಸಿಲು ಬೆವರಿನಾಗ ತಗೀತೈತಿ’. ಇದು ಅವರ ಮರ್ಯಾದೆಗೂ ಕುಂದಲ್ಲ, ಸುಳ್ಳೂ ಅಲ್ಲ. ಎರಡೂ ಕಡೆ ನೀರು ಹೋದಾಗ ಬಿಪಿ ಇಳಿದು, ಎದ್ದು ನಿಂತ ಕೂಡಲೇ ತಲೆ ತಿರುಗಿ ಬೀಳುವುದುಂಟು. ಹಾಗಂತ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಿಸಿಲು ಏರುವ ಮುಂಚೆ ಎಲ್ಲ ಗುಳಿಗೆಗಳ ಚೀಟಿ ಒಯ್ದು, ಬ್ಯಾಸಗಿಗೆ ಪ್ರಮಾಣ ಬದಲಿಸಬೇಕೇ, ದಿನಕ್ಕೆ ಎಷ್ಟು ನೀರು ಎಂದು ವೈದ್ಯರನ್ನು ಕೇಳಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ನೀರಿಗೂ ಮಿತಿ ಇರುತ್ತದೆ.

ಹಿರಿಯರು ನೀರು ತಪ್ಪಿಸಲು ಇನ್ನೊಂದು ಕಾರಣ ಇದೆ, ಬಾಯಿಬಿಟ್ಟು ಹೇಳುವುದಿಲ್ಲ: ರಾತ್ರಿ ಏಳಬೇಕಾಗುತ್ತದೆ. ಆದ್ದರಿಂದ ವೈದ್ಯರು ಹೇಳಿದ ನೀರಿನ ಹೆಚ್ಚಿನ ಪಾಲು ಸಂಜೆ 6ರೊಳಗೆ ಮುಗಿಯಲಿ. ಕೇಳಿ ಕೇಳಿ ಕೊಡುವುದಕ್ಕಿಂತ ಚಹಾದ ಮುಂಚೆ, ರೊಟ್ಟಿಯ ಜೊತೆ, ಹೊಲಕ್ಕೆ ಹೊರಡುವಾಗ ಹೀಗೆ ಹೊತ್ತಿಗೆ ಕಟ್ಟಿದರೆ ಕುಡಿಯುತ್ತಾರೆ. ಮಜ್ಜಿಗೆ, ಅಂಬಲಿ ನಡೆಯುತ್ತದೆ, ಉಪ್ಪು ಕಮ್ಮಿ. ಓಆರ್‌ಎಸ್ ದಿನನಿತ್ಯದ ಪಾನಕ ಅಲ್ಲ. ವಾಂತಿ-ಭೇದಿಯಾದಾಗ 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು, ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು.

ಹೊಲ ಬಿಡಿಸುವುದು ಆಗದ ಮಾತು. ಬೆಳಗಿನ ಪಾಳಿ 10:30ಕ್ಕೆ ಮುಗಿಸಿ, ಮತ್ತೆ 4:30ರ ಮೇಲೆ ಹೋಗಲಿ.

ಪ್ರಶ್ನೆ: ನಮ್ಮದು ತಗಡಿನ ಮನೆ. ಅವ್ವ ‘ಗಾಳಿಗೆ ಕೈಕಾಲು ಹಿಡೀತಾವ’ ಎಂದು ಫ್ಯಾನ್ ಬಂದ್ ಮಾಡುತ್ತಾಳೆ.
– ಓದುಗರು, ರಾಣೆಬೆನ್ನೂರು

ಉತ್ತರ: ಟೇಬಲ್ ಫ್ಯಾನನ್ನು ಮೈಗೆ ನೇರ ಹಿಡಿಯದೆ ತಿರುಗಲು ಬಿಡಿ, ತಕರಾರು ಕಡಿಮೆಯಾಗುತ್ತದೆ. ಒಳಗೆ 40 ಡಿಗ್ರಿ ದಾಟಿದರೆ ಫ್ಯಾನ್ ಒಂದೇ ಬಿಸಿಗಾಳಿ ಹೊಡೆಯುತ್ತದೆ, ಏಕೆಂದರೆ ಚರ್ಮವೇ ಸುಮಾರು 35 ಡಿಗ್ರಿ. ಆಗ ಕುತ್ತಿಗೆ, ತೋಳಿಗೆ ಒದ್ದೆ ಬಟ್ಟೆ ಒರೆಸಿ ಗಾಳಿಗೆ ಕೂರಿಸಿ. ನೀರು ಆರುವಾಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಮಳೆಗೆ ಮುಂಚಿನ ಧಗೆಯಲ್ಲಿ ಇದು ಅಷ್ಟು ಫಲ ಕೊಡದು, ನೀರು ಬೇಗ ಆರುವುದಿಲ್ಲ. ತಗಡಿಗೆ ಹೊರಗಿನಿಂದ ಸುಣ್ಣ ಬಳಿಯಿರಿ. ಕಿಟಕಿ ಹಗಲು ಮುಚ್ಚಿ, ಹೊರಗೆ ತಂಪಾದ ಮೇಲೆ ತೆಗೆಯಿರಿ.

ಪ್ರಶ್ನೆ: ಬಿಸಿಲು ಬಡಿದರೆ ಉಳ್ಳಾಗಡ್ಡಿ ತಿಕ್ಕಿದರೆ ಸಾಕೇ?
– ಓದುಗರು, ಧಾರವಾಡ

ಉತ್ತರ: ಉಳ್ಳಾಗಡ್ಡಿ ರೊಟ್ಟಿಗೆ ಒಳ್ಳೆಯದು. ಮೈ ಕಾದು, ಮಾತು ತೊದಲಿ, ಮಂದಿಯ ಗುರುತು ತಪ್ಪಿದರೆ ಬೆವರು ಬರುತ್ತಿದ್ದರೂ ಅದು ತುರ್ತು. 108ಕ್ಕೆ ಕರೆ ಮಾಡಿ. ಜ್ವರದ ಗುಳಿಗೆ ಇಲ್ಲಿ ಕೆಲಸ ಮಾಡದು, ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, ಗಾಡಿ ಬರುವವರೆಗೂ ನಿಲ್ಲಿಸದೆ.